ಪಿಎನ್‌ಜಿ ಚಿತ್ರಗಳೆಲ್ಲ ಇಎಕ್ಸ್‌ಇ ಒಳಗೇ ಸೇರಿದವು

ವಿಂಡೋಸ್ ಪ್ರೋಗ್ರಾಮಿನೊಳಗೆ (ಇಎಕ್ಸ್‌ಇ) ಚಿತ್ರ, ಐಕಾನ್ ಸೇರಿಸುವ ರಿಸೋರ್ಸ್ ಫೈಲಿಗೆ ಪಿಎನ್‌ಜಿ ಚಿತ್ರ ಒಗ್ಗುವುದಿಲ್ಲ, ಎಲ್ಲವನ್ನೂ ಬಿಎಂಪಿ ಮಾಡು, ಇಲ್ಲವೇ ಪಕ್ಕದ ಫೋಲ್ಡರಿನಲ್ಲಿಡು ಎಂದವರೇ ಹೆಚ್ಚು. ಈಗ ನಲವತ್ತರ ಆಸುಪಾಸು ಚಿತ್ರಗಳು ಒಂದೇ ಇಎಕ್ಸ್‌ಇ ಒಳಗಿವೆ. ಗಾತ್ರವೂ ಊದಿಲ್ಲ.

ಎಡವುವುದೆಲ್ಲ ಬಿಟ್‌ಮ್ಯಾಪ್ ಎಂಬ ಪದದಲ್ಲಿ. ಆರ್‌ಸಿ ಫೈಲಿನಲ್ಲಿ, ಅಂದರೆ ರಿಸೋರ್ಸ್‌ಗಳ ಪಟ್ಟಿಯಲ್ಲಿ, ಪಿಎನ್‌ಜಿಯನ್ನು ಬಿಟ್‌ಮ್ಯಾಪ್ ಎಂದು ಬರೆದರೆ ಮೈಕ್ರೋಸಾಫ್ಟ್ ರಿಸೋರ್ಸ್ ಕಂಪೈಲರ್ 2176ನೇ ಎರರ್ ಕೊಟ್ಟು ನಿಲ್ಲುತ್ತದೆ. ಅದು ವಾಸಿ, ಗೊತ್ತಾದರೂ ಆಗುತ್ತದೆ. ಗ್ನೂ ಬಳಗದ ರಿಸೋರ್ಸ್ ಕಂಪೈಲರ್ ವಿಂಡ್‌ರೆಸ್ ತುಟಿ ಬಿಚ್ಚುವುದಿಲ್ಲ. ಬಿಎಂಪಿ ಹೆಡರ್ ಎಂದುಕೊಂಡು ಮೊದಲ 14 ಬೈಟ್ ಕತ್ತರಿಸಿ ಒಳಗೆ ತುಂಬುತ್ತದೆ. ಪಿಎನ್‌ಜಿಯ ಗುರುತಿನ 8 ಬೈಟ್ ಅದರಲ್ಲೇ ಹೋಯಿತು. ಆಮೇಲೆ ಯಾವ ಡಿಕೋಡರ್ ಮುಟ್ಟೀತು? ಬಿಟ್‌ಮ್ಯಾಪ್ ತೆಗೆದು ಆರ್‌ಸಿಡೇಟಾ (ಕಚ್ಚಾ ಡೇಟಾ) ಎಂದು ಹಾಕಿ, ಬೈಟುಗಳು ಇದ್ದ ಹಾಗೇ ಹೋಗುತ್ತವೆ.

ಪ್ರೋಗ್ರಾಮಿನಲ್ಲಿ ಚಿತ್ರ ಓದುವಾಗ ಬಿಟ್‌ಮ್ಯಾಪ್‌ಗೆಂದೇ ಇರುವ ಲೋಡ್‌ಬಿಟ್‌ಮ್ಯಾಪ್ ಕರೆ ಮರೆತುಬಿಡಿ. ಫೈಂಡ್‌ರಿಸೋರ್ಸ್, ಲೋಡ್‌ರಿಸೋರ್ಸ್, ಲಾಕ್‌ರಿಸೋರ್ಸ್, ಸೈಜ್‌ಆಫ್‌ರಿಸೋರ್ಸ್, ಈ ನಾಲ್ಕು ಕರೆಗಳಲ್ಲಿ ಪಾಯಿಂಟರ್ ಮತ್ತು ಉದ್ದ ಸಿಗುತ್ತವೆ. ಫ್ರೀ ಮಾಡುವ ರಗಳೆಯಿಲ್ಲ. ವಿಂಡೋಸಿನ ಚಿತ್ರ ಲೈಬ್ರರಿ ಜಿಡಿಐ ಪ್ಲಸ್‌ಗೆ ಕೊಡುವುದಾದರೆ ಚಿತ್ರ ಬದುಕಿರುವಷ್ಟು ಕಾಲ ಅದು ಬೈಟು ಓದುವ ಸ್ಟ್ರೀಮ್ ಕೂಡ ಬದುಕಿರಬೇಕು. ಬೇಗ ಬಿಟ್ಟರೆ ಕೆಲವೊಮ್ಮೆ ಮಾತ್ರ ಕೆಡುತ್ತದೆ. ಅಂಥದ್ದನ್ನು ಹುಡುಕುವುದೇ ತಲೆನೋವು.

ಆ ಹೆಸರಿನ ರಿಸೋರ್ಸ್ ಸಿಗಲಿಲ್ಲ ಎಂಬ 1814 ಎರರ್ ಬಂದರೆ ಹೆಡರ್ ನೋಡಿ. ಚಿತ್ರದ ಐಡಿ ಸಂಖ್ಯೆ ಡಿಫೈನ್ ಮಾಡಿದ ಹೆಡರನ್ನು ಆರ್‌ಸಿಗೆ ಸೇರಿಸದಿದ್ದರೆ ಕಂಪೈಲರ್ ಅದನ್ನು ಸಂಖ್ಯೆ ಎನ್ನದೆ ಬರೀ ಹೆಸರು ಎಂದುಕೊಳ್ಳುತ್ತದೆ, ವಾರ್ನಿಂಗ್ ಕೂಡ ಇಲ್ಲ. ಪಾತ್‌ನಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಷ್ ಬೇಡ. ಅದರ ಮುಂದೆ ಎನ್ ಅಕ್ಷರ ಬಂದರೆ ಹೊಸ ಸಾಲಾಗುತ್ತದೆ. ಚಿತ್ರ ಬದಲಿಸಿದರೂ ಹಳೆಯದೇ ಕಾಣುತ್ತಿದೆಯೇ? ಬಿಲ್ಡ್ ಸೂಚನೆಗಳ ಮೇಕ್‌ಫೈಲಿನಲ್ಲಿ ರಿಸೋರ್ಸ್ ಆಬ್ಜೆಕ್ಟ್ ಆರ್‌ಸಿಯೊಂದನ್ನೇ ನೆಚ್ಚಿಕೊಂಡಿದೆ, ಪಿಎನ್‌ಜಿಗಳನ್ನೂ ಆ ಸಾಲಿಗೆ ಸೇರಿಸಿ. ಆ ಆಬ್ಜೆಕ್ಟನ್ನು ಸ್ಟ್ಯಾಟಿಕ್ ಲೈಬ್ರರಿಗೆ ತುರುಕಬೇಡಿ, ಲಿಂಕರ್ ಅತ್ತ ನೋಡುವುದೇ ಇಲ್ಲ. ನೇರ ಲಿಂಕ್ ಸಾಲಿಗೇ ಕೊಡಿ.

ಹಣ ಕೊಟ್ಟು ತಂದ ರಿಸೋರ್ಸ್ ಎಡಿಟರ್ ಶುದ್ಧ ದಂಡ. ಪ್ರತಿ ಬಿಲ್ಡ್‌ಗೂ ಕೈಯಾರೆ ಸೇರಿಸಬೇಕು, ಇಎಕ್ಸ್‌ಇಗೆ ಡಿಜಿಟಲ್ ಸಹಿ ಹಾಕಿದ ಮೇಲೆ ಸೇರಿಸಿದರೆ ಸಹಿಯೇ ಕೆಡುತ್ತದೆ. ವಿಂಡ್‌ರೆಸ್ ಪುಕ್ಕಟೆ. ಉಳಿತಾಯ ಗಾತ್ರದಲ್ಲೂ ಇದೆ: 1024×768ರ ಚಿತ್ರ 32 ಬಿಟ್ ಬಿಎಂಪಿಯಲ್ಲಿ 3 ಎಂಬಿ, ನನ್ನ ಸ್ಪ್ಲಾಶ್ (ಪ್ರೋಗ್ರಾಮ್ ಶುರುವಾಗುವಾಗ ಕಾಣುವ ಚಿತ್ರ) ಪಿಎನ್‌ಜಿಯಲ್ಲಿ 200 ಕೆಬಿಯ ಒಳಗೇ ಮುಗಿಯಿತು. ಇನ್ನೂ ಇಳಿಸುವ ಒಂದು ಕೈಚಳಕ ಇದೆ, ಅದು ನನ್ನಲ್ಲೇ ಇರಲಿ.

ಫೈಲಿನ ಬೈಟುಗಳನ್ನು ಬರೆದುಕೊಡುವ ಎಕ್ಸ್‌ಎಕ್ಸ್‌ಡಿಯಿಂದ ಸಿ ಭಾಷೆಯ ಅರೇ ಮಾಡಿಯೂ ನೋಡಿದೆ. ಒಂದು ಬೈಟಿಗೆ ಸೋರ್ಸ್‌ನಲ್ಲಿ ಆರು ಅಕ್ಷರ; ಚಿಕ್ಕ ಚಿತ್ರಕ್ಕೆ ಪರವಾಗಿಲ್ಲ, ಸ್ಪ್ಲಾಶ್‌ಗೆ ಕಂಪೈಲರ್ ಏದುಸಿರು ಬಿಟ್ಟಿತು.

ಐಕಾನ್ ಮಾತ್ರ ಆರ್‌ಸಿಡೇಟಾ ಆಗಕೂಡದು, ಐಕಾನ್ ಎಂದೇ ಬರೆಯಿರಿ. 16, 32, 48, 256 ನಾಲ್ಕೂ ಅಳತೆ ಒಂದೇ ಐಸಿಒ ಫೈಲಿನಲ್ಲಿರಲಿ, ಐಡಿ ಎಲ್ಲಕ್ಕಿಂತ ಚಿಕ್ಕದಿರಲಿ. ಆದರೂ ಎಕ್ಸ್‌ಪ್ಲೋರರ್ ಹಳೆಯದನ್ನೇ ತೋರಿಸಿದರೆ ಅದು ಹಳೆಯ ಐಕಾನ್ ನೆನಪಿಟ್ಟುಕೊಂಡ ಕ್ಯಾಶ್‌ನ ಚೇಷ್ಟೆ. ಇಎಕ್ಸ್‌ಇ ಹೆಸರು ಬದಲಿಸಿ ನೋಡಿ.