ಹೊಳೆ ಇಳಿಯುವ ಹೊತ್ತು ಕೇಳಿ ಕರೆದ ತಾಯಂದಿರ ಸಭೆ

ಅಂಗನವಾಡಿಯ ಸಭೆಗೆ ಊರವರು ಬರುವುದಿಲ್ಲ ಎನ್ನುವ ಕಾರ್ಯಕರ್ತೆಯರನ್ನು ನಾನು ಮೊದಲು ಕೇಳುವುದು, ಸಭೆ ಎಷ್ಟು ಹೊತ್ತಿಗೆ ಇಟ್ಟಿದ್ದೀರಿ ಅಂತ. ನಮ್ಮ ಕೇಂದ್ರ ಇರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಜಾಗದ ಹತ್ತಿರ. ಇಲ್ಲಿನ ಬಹಳಷ್ಟು ತಾಯಂದಿರು ಸಮುದ್ರದ ಇಳಿತದ ಜೊತೆ ಹೊಳೆಯ ನೀರು ಇಳಿದಾಗ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಲು ಹೋಗುವವರು. ನೀರಿಳಿಯುವ ಹೊತ್ತು ದಿನಕ್ಕೆ ಮುಕ್ಕಾಲು ತಾಸಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಇಳಿದ ಹೊಳೆ ಐದು ದಿನ ಕಳೆದರೆ ಮಧ್ಯಾಹ್ನ ಒಂದರ ಸುಮಾರಿಗೆ ಇಳಿಯುತ್ತದೆ. ಹೀಗಿರುವಾಗ ಪ್ರತಿ ತಿಂಗಳು ಇಂಥ ತಾರೀಖು, ಹನ್ನೊಂದು ಗಂಟೆ ಎಂದು ಬರೆದು ಬಾಗಿಲಿಗೆ ಅಂಟಿಸಿದರೆ ಯಾರು ಬಂದಾರು?

“ಅಕ್ಕೋರೆ, ನೀವ್ ಕರೂದು ಹೊಳೆ ಇಳ್ದ ಹೊತ್ತಿಗೇಯಾ. ಒಂದಿನ ಹೋಗ್ದಿದ್ರೆ ಆ ದಿನದ ಸಂತೆ ಖರ್ಚು ಹೋಯ್ತು” ಎಂದು ಒಬ್ಬ ತಾಯಿ ನೇರವಾಗಿ ಹೇಳಿದಳು. ಅಂದಿನಿಂದ ತಾರೀಖು ಗೊತ್ತುಮಾಡುವ ಕೆಲಸವನ್ನು ನಮ್ಮ ಸಹಾಯಕಿಗೇ ಬಿಟ್ಟಿದ್ದೇನೆ. ಆಕೆ ಅದೇ ಕೇರಿಯವಳು. ತಿಥಿ ನೋಡಿ, ಹೊಳೆಗೆ ಹೋಗುವವರನ್ನು ಕೇಳಿ, ಎಲ್ಲರೂ ಮನೆಯಲ್ಲಿರುವ ಹೊತ್ತನ್ನು ಹೇಳುತ್ತಾಳೆ. ಸಭೆ ಕೆಲವೊಮ್ಮೆ ಸಂಜೆ ನಾಲ್ಕರ ಮೇಲೂ ನಡೆಯುತ್ತದೆ, ನನಗೆ ಮನೆಗೆ ಹೋಗುವ ಬಸ್ಸು ತಪ್ಪುತ್ತದೆ. ತಪ್ಪಲಿ. ಚಾಪೆ ತುಂಬ ಜನ ಕೂತಿರುವುದನ್ನು ನೋಡಿದರೆ ಆ ಬೇಜಾರು ಉಳಿಯುವುದಿಲ್ಲ.

ಹೊತ್ತು ಸರಿಹೋದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಕರೆದು ಕೂರಿಸಿ ಪೌಷ್ಟಿಕತೆಯ ಮೇಲೆ ಭಾಷಣ ಮಾಡಿದರೆ ಮುಂದಿನ ಸಲ ಅರ್ಧ ಜನ ಬರುವುದಿಲ್ಲ. ನನಗಿಂತ ಚೆನ್ನಾಗಿ ಅವರಿಗೆ ಬರುವ ಕೆಲಸ ಯಾವುದು ಎಂದು ನೋಡಿ ಅದನ್ನು ಅವರ ಕೈಗೆ ಕೊಡಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ಮಕ್ಕಳ ಅಪ್ಪಂದಿರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ತದಡಿ, ಮಲ್ಪೆ, ಗೋವಾ ಅಂತ ಬೋಟಿಗೆ ಹೋದವರೆಲ್ಲ ಆಗ ಮನೆಯಲ್ಲಿರುತ್ತಾರೆ, ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅಂಗನವಾಡಿಗೆ ತಂದೆ ಎನ್ನುವವನು ಕಾಲಿಡುವುದೇ ಅಪರೂಪ.

ನಮ್ಮ ಅಂಗಳದ ಆಚೆಗೆ ಒಂದು ಹಳ್ಳವಿದೆ. ಮಳೆಗಾಲದಲ್ಲಿ ತುಂಬಿ ಹರಿಯುತ್ತದೆ, ಮಕ್ಕಳನ್ನು ಹೊರಗೆ ಬಿಡಲು ಜೀವ ಹೆದರುತ್ತಿತ್ತು. ಬೇಲಿಯ ಮಾತು ಎತ್ತಿದ್ದೇ ತಡ, ಒಬ್ಬರು ಹಳೆಯ ನೈಲಾನ್ ಬಲೆ ತಂದರು, ಇನ್ನೊಬ್ಬರು ಗಾಳಿಮರದ ಗೂಟ ಹೊತ್ತು ತಂದರು. ಕಣ್ಣು ದೊಡ್ಡದಿರುವ ಬಲೆಯಾದರೆ ಮಕ್ಕಳು ಕಾಲಿಟ್ಟು ಹತ್ತುತ್ತಾರೆ ಎಂದು ಸಣ್ಣ ಕಣ್ಣಿನದನ್ನೇ ಆರಿಸಿ, ಎರಡು ಪದರ ಮಾಡಿ, ಕೆಳಗಿನ ಅಂಚನ್ನು ಮಣ್ಣಿನಲ್ಲಿ ಹುಗಿದರು. ನಾನು ಹೇಳಿದ್ದು ಒಂದೇ ಮಾತು, ಬಲೆಯ ಕೆಳಹಗ್ಗದಲ್ಲಿರುವ ಸೀಸದ ಗುಂಡುಗಳನ್ನು ಒಂದೂ ಬಿಡದೆ ಕಿತ್ತು ತೆಗೆಯಿರಿ ಅಂತ. ಮೂರು ವರ್ಷದ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಸೀಸ ಮಕ್ಕಳ ಮಿದುಳಿಗೆ ವಿಷ. ಗುಂಡು ಕಿತ್ತು ಎಣಿಸಿ ಡಬ್ಬಿಗೆ ಹಾಕುತ್ತ ಕೂತ ಆ ಮಧ್ಯಾಹ್ನವೇ ಅವರು ಮಕ್ಕಳ ತೂಕದ ಬಗ್ಗೆ, ಮೊಟ್ಟೆಯ ಬಗ್ಗೆ, ಒಂದನೇ ತರಗತಿಗೆ ಯಾವ ಶಾಲೆ ಎಂಬುದರ ಬಗ್ಗೆ ಕೇಳಿದರು. ಸಭೆಯಲ್ಲಿ ಬಾಯಿ ಬಿಡದವರು ಕೈಯಲ್ಲಿ ಕೆಲಸವಿದ್ದಾಗ ಎಲ್ಲ ಮಾತಾಡುತ್ತಾರೆ.

ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ತಪಾಸಣೆ ಹೀಗೆ ಆರು ಸೇವೆಗಳ ಪಟ್ಟಿ ನಮಗೆಲ್ಲ ಬಾಯಿಪಾಠ. ಕೇಂದ್ರಕ್ಕೊಂದು ಊರವರೇ ಇರುವ ಬಾಲ ವಿಕಾಸ ಸಮಿತಿಯೂ ಇದೆ. ಆದರೆ ಸಮಿತಿ ಎಂದರೆ ಏನು ಎಂದು ನಮ್ಮ ಊರಿಗೆ ಗೊತ್ತಾದದ್ದು ಬೆಳವಣಿಗೆಯ ನಕ್ಷೆಯಲ್ಲಿ ಕೆಂಪು ಬಣ್ಣಕ್ಕೆ ಇಳಿದ ಒಂದು ಮಗುವಿನಿಂದ.

ತಿಂಗಳ ತೂಕದ ದಿನ ಪ್ರತಿ ತಾಯಿಗೂ ಅವಳ ಮಗುವಿನ ಬೆಳವಣಿಗೆಯ ನಕ್ಷೆಯನ್ನು ಬೇರೆಯಾಗಿ ತೋರಿಸುತ್ತೇನೆ. ಹಸಿರು, ಹಳದಿ, ಕೆಂಪು ಎಲ್ಲರಿಗೂ ಅರ್ಥವಾಗುತ್ತದೆ. ಇದನ್ನು ಗೋಡೆಗೆ ಹಾಕಬೇಕು, ನಾಲ್ಕು ಜನ ನೋಡಿದರೆ ಎಚ್ಚರವಾಗುತ್ತಾರೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಡತನವನ್ನು ಗೋಡೆಗೆ ಅಂಟಿಸಿದರೆ ತಾಯಿ ಮುಂದಿನ ತಿಂಗಳು ಮಗುವನ್ನೇ ಕರೆತರುವುದಿಲ್ಲ. ಕೆಂಪಿಗೆ ಇಳಿದ ಆ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂತು. ಅಂದರೆ ತೀವ್ರ ಅಪೌಷ್ಟಿಕತೆ. ತಾಯಿ ಜೊತೆಗಿದ್ದು ಎರಡು ವಾರದಷ್ಟು ಕಾಲ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಇರಿಸಬೇಕಿತ್ತು. ತಾಯಿ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಮನೆಯಲ್ಲಿ ಇನ್ನೊಂದು ಮಗು, ಹಾಸಿಗೆ ಹಿಡಿದ ಮಾವ, ಗಂಡ ಬೋಟಿನಲ್ಲಿ.

ತಾಯಿಯ ಒಪ್ಪಿಗೆ ಪಡೆದು ಸಮಿತಿಯ ಅಧ್ಯಕ್ಷೆಗೆ ಮಾತ್ರ ವಿಷಯ ಹೇಳಿದೆ. ಆಕೆ ಆ ಸಂಜೆಯೇ ಅಕ್ಕಪಕ್ಕದ ಮನೆಗೆ ಹೋಗಿ ಕೂತಳು. ದೊಡ್ಡ ಮಗು ಹಗಲು ನನ್ನ ಹತ್ತಿರ, ರಾತ್ರಿ ಪಕ್ಕದ ಮನೆಯಲ್ಲಿ. ಮಾವನಿಗೆ ಎರಡು ಹೊತ್ತಿನ ಗಂಜಿ ಎದುರು ಮನೆಯಿಂದ. ನಾನು ಹತ್ತು ಸಲ ಹೋಗಿ ಬುದ್ಧಿ ಹೇಳಿದ್ದರೂ ಆಗದ ಕೆಲಸ ಇದು. ಮಗು ಚೇತರಿಸಿಕೊಂಡು ಬಂದ ಮೇಲೆ ಕೇರಿಯ ಹೆಂಗಸರು ನಮ್ಮ ತಕ್ಕಡಿಯನ್ನು ನೋಡುವ ರೀತಿಯೇ ಬೇರೆಯಾಯಿತು.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂದಾಗ ಅತ್ತೆಯಂದಿರ ಮಾತು ಎದುರಾಯಿತು. ಬಸುರಿ, ಬಾಣಂತಿಯರು ಕೇಂದ್ರಕ್ಕೇ ಬಂದು ಮಧ್ಯಾಹ್ನದ ಊಟ ಮಾಡಬೇಕೆಂದರೆ, “ಮನೇಲಿ ಅನ್ನ ಇಲ್ವೇನು, ಸೊಸೆ ಊರೆದುರು ಕೂತು ಉಣ್ಣೂದಾ?” ಎಂದರು. ಅವರಿಗೆ ಪ್ರೋಟೀನು, ಕಬ್ಬಿಣಾಂಶ ಅಂತ ವಿವರಿಸುವ ಬದಲು ಅತ್ತೆಯಂದಿರನ್ನೇ ಅಡುಗೆಗೆ ಕರೆದೆ. ಬಸಳೆ ಯಾವ ಮನೆಯ ಚಪ್ಪರದ್ದು, ಬೇಳೆ ಎಷ್ಟು ಬೇಯಬೇಕು ಎಲ್ಲ ಅವರದೇ. ತಾವು ಬೇಯಿಸಿದ ಊಟವನ್ನು ಸೊಸೆ ಉಣ್ಣಬಾರದು ಎಂದು ಯಾವ ಅತ್ತೆ ಹೇಳುತ್ತಾಳೆ? ದೂರದ ಮಜರೆಯ ಬಸುರಿಯರು ಆಷಾಢದ ಮಳೆಯಲ್ಲಿ ಕೆಸರು ದಾರಿ ನಡೆದು ಬರುವುದು ಮಾತ್ರ ಈಗಲೂ ಕಷ್ಟ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ವಾರಕ್ಕೊಮ್ಮೆ ಬಂದು ಹಾಡು ಹೇಳುತ್ತಾರೆ. ಅಂಕೋಲೆಯ ಹಾಲಕ್ಕಿ ಜಾನಪದ ಗಾಯಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದನ್ನು ನಮ್ಮ ಮಕ್ಕಳಿಗೆ ಹೇಳುವವರೂ ಅವರೇ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು ಮೊದಲ ತಿಂಗಳು ಮಾತೇ ಆಡುವುದಿಲ್ಲ, ಅವರಿಗಾಗಿ ಅವರ ಕೇರಿಯ ಅಜ್ಜಿ ಕೊಂಕಣಿಯಲ್ಲೇ ಕಥೆ ಹೇಳುತ್ತಾರೆ. ಮಗುವಿನ ಅಳು ಅರ್ಧ ಕಡಿಮೆಯಾಗುವುದು ಅಲ್ಲೇ.

ಲೆಕ್ಕದ ವಿಷಯವನ್ನೂ ಹೇಳಬೇಕು. ಮೊಟ್ಟೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಹಾಲಿನ ಪುಡಿ ಎಷ್ಟು ಉಳಿದಿದೆ ಎಂದು ಬಾಗಿಲ ಪಕ್ಕದ ಕರಿಹಲಗೆಯಲ್ಲಿ ದಿನವೂ ಬರೆಯುತ್ತೇನೆ. ಪೇಟೆಯಲ್ಲಿ ಮೊಟ್ಟೆಯ ದರ ಏರಿ ಕೇಂದ್ರದ ಮೊಟ್ಟೆ ಕಡಿಮೆಯಾದಾಗ ಜನ ನನ್ನನ್ನು ಅನುಮಾನಿಸಲಿಲ್ಲ, ಪಂಚಾಯಿತಿ ಸದಸ್ಯರನ್ನು ಹಿಡಿದು ಕೇಳಿದರು. ಅದೇ ಹೆಂಗಸರು ಮರುವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು, ಬೇಸಿಗೆಯಲ್ಲಿ ಅಂಗನವಾಡಿಯ ಬಾವಿ ಉಪ್ಪಾಗುತ್ತದೆ, ಮಕ್ಕಳಿಗೆ ಸಿಹಿನೀರಿನ ನಳ ಬೇಕು ಎಂದರು. ನಳ ಬಂತು. ಮಕ್ಕಳ ಎತ್ತರಕ್ಕೆ ಸರಿಯಾದ ಶೌಚಾಲಯ ಬೇಕೆಂಬ ಅರ್ಜಿ ಈಗ ಪಂಚಾಯಿತಿಯ ಮುಂದಿದೆ. ಅದನ್ನು ಬರೆದವರು ತಾಯಂದಿರೇ, ನನ್ನ ಹತ್ತಿರ ತಂದದ್ದು ಮೊಹರು ಹಾಕಿಸಲು ಮಾತ್ರ.