ಹೊಸ ಎಕ್ಸ್‌ಪ್ರೆಸ್ ರೈಲು ಸರಣಿಗೆ ಹೆಸರು ಆರಿಸುವ ಬಗೆ

ಒಂದು ರೈಲಿಗೆ ಹೆಸರಿಡುವುದು ಬೇರೆ, ಒಂದೇ ಮಾದರಿಯ ಹತ್ತಾರು ರೈಲುಗಳ ಸರಣಿಗೆ ಹೆಸರಿಡುವುದು ಬೇರೆ. ಹಂಪಿ ಎಕ್ಸ್‌ಪ್ರೆಸ್, ಗೋಲ್ ಗುಂಬಜ್ ಎಕ್ಸ್‌ಪ್ರೆಸ್, ಚಾಮುಂಡಿ ಎಕ್ಸ್‌ಪ್ರೆಸ್, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಎಂಬ ಹೆಸರುಗಳನ್ನು ಕೇಳಿದ ಕೂಡಲೇ ಆ ಗಾಡಿಗಳು ಯಾವ ಸೀಮೆಯವು ಎಂಬುದು ಬೆಂಗಳೂರಿನ ಪ್ರಯಾಣಿಕರಿಗೆ ಹೊಳೆಯುತ್ತದೆ. ಸ್ಥಳದ ಅಥವಾ ವ್ಯಕ್ತಿಯ ನಂಟೇ ಅವುಗಳ ಬಲ. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೂ ಕಲಬುರಗಿಗೂ ಮಂಗಳೂರಿಗೂ ಶಿವಮೊಗ್ಗಕ್ಕೂ ಓಡಬೇಕಾದ ಸರಣಿಗೆ ಇಂತಹ ಒಂದೂರಿನ ಹೆಸರು ಹೊಂದುವುದಿಲ್ಲ. ‘ಮೈಸೂರು–ಚೆನ್ನೈ ವಂದೇ ಭಾರತ್’ ಎಂದು ನಾವು ಹೇಳುವಂತೆ, ಊರಿನ ಹೆಸರು ಸರಣಿಯ ಹೆಸರಿನ ಮುಂದೆ ಬಂದು ಸೇರಿಕೊಳ್ಳುತ್ತದೆ. ಆದ್ದರಿಂದ ಸರಣಿಯ ಹೆಸರನ್ನು ಒಂಟಿಯಾಗಿ ನೋಡಿ ಮೆಚ್ಚುವುದನ್ನು ಬಿಟ್ಟು, ಯಾವ ಊರಿನ ಜೋಡಿಯ ಜೊತೆಗೂ ಅದು ನಿಲ್ಲಬಲ್ಲದೇ ಎಂಬುದನ್ನು ಮೊದಲು ಕೇಳಬೇಕು. ಹೆಸರಿಡುವ ಸಮಿತಿಯಲ್ಲಿ ಕುಳಿತವರಿಗೂ, ಸಾರ್ವಜನಿಕ ಆಹ್ವಾನ ಬಂದಾಗ ಹೆಸರು ಬರೆದು ಕಳುಹಿಸುವವರಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಹೆಸರುಗಳ ಪಟ್ಟಿ ಮಾಡುವ ಮುನ್ನ ರೈಲಿನ ಸ್ವಭಾವವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದು ಹಗಲಿನ ರೈಲೋ ರಾತ್ರಿಯದೋ, ಆಸನಗಳದೋ ಮಲಗುವ ಬರ್ತುಗಳದೋ, ಎಷ್ಟು ಕಡೆ ನಿಲ್ಲುತ್ತದೆ, ಟಿಕೆಟ್ ದರ ಯಾರ ಕೈಗೆಟಕುತ್ತದೆ, ಮುಂದೆ ಇದೇ ಸರಣಿಯಲ್ಲಿ ಇನ್ನೊಂದು ಬಗೆ ಬರಲಿದೆಯೇ ಎಂಬುದು ಅಲ್ಲಿರಲಿ. ಭಾರತೀಯ ರೈಲ್ವೆಯಲ್ಲಿ ಹೆಸರಿನ ಜೊತೆಗೆ ಐದಂಕಿಯ ಗಾಡಿ ಸಂಖ್ಯೆ ಇದ್ದೇ ಇರುವುದರಿಂದ, ಗುರುತಿಸುವ ತಾಂತ್ರಿಕ ಹೊಣೆಯನ್ನು ಹೆಸರಿನ ಮೇಲೆ ಹೇರಬೇಕಾಗಿಲ್ಲ. ಜನ ನೆನಪಿಟ್ಟುಕೊಂಡು ಬಾಯಲ್ಲಿ ಹೇಳುವಂತಿರುವುದೇ ಹೆಸರಿನ ಕೆಲಸ.

ಪಟ್ಟಿಯನ್ನು ಧಾರಾಳವಾಗಿ ಮಾಡಿ, ಬಳಿಕ ಈಗಾಗಲೇ ಬಳಕೆಯಲ್ಲಿರುವ ಹೆಸರುಗಳನ್ನು ತೆಗೆದುಹಾಕಿ. ಈ ಹಂತದಲ್ಲಿ ರೈಲ್ವೆಯ ವೇಳಾಪಟ್ಟಿಯನ್ನಷ್ಟೇ ನೋಡಿದರೆ ಸಾಲದು, ಊರಿನ ಬೀದಿಯನ್ನೂ ನೋಡಬೇಕು. ‘ಹೊಯ್ಸಳ’ ಎಂಬುದು ಗಂಭೀರವಾದ, ನಾಡಿನ ಚರಿತ್ರೆಯನ್ನು ಹೊತ್ತ ಹೆಸರು. ಆದರೆ ಬೆಂಗಳೂರಿನಲ್ಲಿ ‘ಹೊಯ್ಸಳ ಬಂತು’ ಎಂದರೆ ಪೊಲೀಸ್ ಗಸ್ತು ವಾಹನ ಬಂತು ಎಂದೇ ಅರ್ಥ. ಐರಾವತ, ರಾಜಹಂಸ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ ಎಂಬ ಹೆಸರುಗಳನ್ನು ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಿಗೆ ಇಟ್ಟಿದೆ, ವಜ್ರ ಮತ್ತು ವಾಯುವಜ್ರ ಬಿಎಂಟಿಸಿಯವು, ಗರುಡ ಎಂಬುದು ನೆರೆಯ ತೆಲುಗು ರಾಜ್ಯಗಳ ಬಸ್ಸುಗಳಲ್ಲಿ ನೆಲೆಯೂರಿದೆ. ಬಸ್ ನಿಲ್ದಾಣವೂ ರೈಲು ನಿಲ್ದಾಣವೂ ಎದುರುಬದುರಾಗಿರುವ ಮೆಜೆಸ್ಟಿಕ್‌ನಲ್ಲಿ ಒಂದೇ ಹೆಸರು ಎರಡೂ ಕಡೆ ಕೂಗಿಸಿಕೊಂಡರೆ, ಲಗೇಜು ಹೊತ್ತು ಬಂದ ಹಿರಿಯರು ರಸ್ತೆ ದಾಟಿ ತಪ್ಪು ಕಡೆ ಹೋಗಿಬಿಡುತ್ತಾರೆ.

ಉಳಿದ ಹೆಸರುಗಳನ್ನು ಈಗ ಕಿವಿಗೆ ಒಪ್ಪಿಸಬೇಕು. ಈ ಪರೀಕ್ಷೆಗೆ ನಾನು ಎಲ್ಲಕ್ಕಿಂತ ಹೆಚ್ಚಿನ ತೂಕ ಕೊಡುತ್ತೇನೆ, ಏಕೆಂದರೆ ರೈಲಿನ ಹೆಸರನ್ನು ಓದುವುದಕ್ಕಿಂತ ಕೇಳುವುದೇ ಹೆಚ್ಚು. ನಿಲ್ದಾಣದ ಪ್ರಕಟಣೆಯ ಧಾಟಿಯಲ್ಲಿ ಒಂದು ವಾಕ್ಯ ಕಟ್ಟಿ, ಗದ್ದಲವಿರುವ ಜಾಗದಲ್ಲಿ ಧ್ವನಿವರ್ಧಕದ ಮೂಲಕ ಓದಿಸಿ: ‘ಬೆಂಗಳೂರಿನಿಂದ ಕಲಬುರಗಿಗೆ ಹೊರಡುವ ಇಂತಹ ಎಕ್ಸ್‌ಪ್ರೆಸ್ ಐದನೇ ಪ್ಲಾಟ್‌ಫಾರ್ಮ್‌ಗೆ ಬರಲಿದೆ.’ ದೂರದಲ್ಲಿ ನಿಂತವರು ಹೆಸರನ್ನು ಸರಿಯಾಗಿ ಬರೆದುಕೊಂಡರೆ ಅದು ಗೆದ್ದಂತೆ. ಆಮೇಲೆ ಅದೇ ಹೆಸರಿಗೆ ವಿಭಕ್ತಿ ಪ್ರತ್ಯಯಗಳನ್ನು ಹಚ್ಚಿ ನೋಡಿ. ‘ಶತಾಬ್ದಿಯಲ್ಲಿ ಬಂದೆ’, ‘ಶತಾಬ್ದಿಗೆ ಟಿಕೆಟ್ ಸಿಗಲಿಲ್ಲ’, ‘ಶತಾಬ್ದಿಯಿಂದ ಇಳಿದೆ’ ಎಂಬ ಮಾತುಗಳು ಕನ್ನಡದ ನಾಲಿಗೆಯಲ್ಲಿ ಎಲ್ಲೂ ತಡೆಯುವುದಿಲ್ಲ. ವ್ಯಂಜನದಲ್ಲಿ ಮುಗಿಯುವ ‘ತೇಜಸ್’ನಂತಹ ಹೆಸರಾದರೆ ಒಬ್ಬರು ‘ತೇಜಸ್‌ನಲ್ಲಿ’ ಎನ್ನುತ್ತಾರೆ, ಇನ್ನೊಬ್ಬರು ‘ತೇಜಸ್ಸಿನಲ್ಲಿ’ ಎನ್ನುತ್ತಾರೆ, ಪತ್ರಿಕೆಯವರು ಒಂದೊಂದು ದಿನ ಒಂದೊಂದು ರೀತಿ ಅಚ್ಚು ಹಾಕುತ್ತಾರೆ. ಸ್ವರದಲ್ಲಿ ಕೊನೆಗೊಳ್ಳುವ, ಮೂರು ಅಥವಾ ನಾಲ್ಕು ಅಕ್ಷರಗಳ ಹೆಸರು ಕನ್ನಡಿಗರ ದಿನಬಳಕೆಗೆ ಸುಲಭವಾಗಿ ಒಗ್ಗುತ್ತದೆ. ಹುಬ್ಬಳ್ಳಿ–ಧಾರವಾಡದ ತ್ವರಿತ ಬಸ್ ಸೇವೆಗೆ ಇಟ್ಟ ‘ಚಿಗರಿ’ ಎಂಬ ಹೆಸರು ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಮಾದರಿ. ಜಿಂಕೆಗೆ ಆ ಭಾಗದ ಜನ ಹೇಳುವ ಮಾತೇ ಅದು. ವೇಗವನ್ನು ಸೂಚಿಸುತ್ತದೆ, ಸಾರುವುದಿಲ್ಲ. ‘ಚಿಗರಿಯಾಗ ಹೋಗೋಣು’ ಎಂದು ಯಾರೂ ಕಲಿಸದೆಯೇ ಹೇಳಬಹುದು.

ಕಿವಿಯ ಪರೀಕ್ಷೆಯ ಬೆನ್ನಲ್ಲೇ ಲಿಪಿಯ ಪರೀಕ್ಷೆ. ಕರ್ನಾಟಕದ ನಿಲ್ದಾಣಗಳ ಫಲಕಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರುತ್ತವೆ. ‘ಹೊಂಬೆಳಕು’ ಎಂಬ ಸುಂದರ ಪದವನ್ನು ತೆಗೆದುಕೊಳ್ಳಿ. ನಮ್ಮ ಹ್ರಸ್ವ ಎಕಾರ, ಒಕಾರಗಳಿಗೆ ಹಿಂದಿಯ ಬರಹದಲ್ಲಿ ಬೇರೆ ಗುರುತಿಲ್ಲ, ಳಕಾರ ಅಲ್ಲಿ ಲಕಾರವಾಗುತ್ತದೆ. ಹಾಗಾಗಿ ಉತ್ತರದ ಪ್ರಯಾಣಿಕರು ಅದನ್ನು ‘ಹೋಂಬೇಲಕು’ ಎಂದು ಓದುತ್ತಾರೆ, ರೋಮನ್ ಅಕ್ಷರಗಳಲ್ಲಿಯೂ ಳಕಾರ ಉಳಿಯುವುದಿಲ್ಲ. ಅಷ್ಟರಿಂದ ಅಂತಹ ಪದವನ್ನು ಕೈಬಿಡಲೇಬೇಕೆಂದು ನಾನು ಹೇಳುವುದಿಲ್ಲ, ಆದರೆ ಎರಡು ಹೆಸರುಗಳು ಸಮಬಲವಾಗಿದ್ದಾಗ ಮೂರೂ ಲಿಪಿಗಳಲ್ಲಿ ಮುಕ್ಕಾಗದೆ ಉಳಿಯುವುದನ್ನೇ ಆರಿಸುವುದು ಜಾಣತನ. ಹಾಗೆಯೇ ರೈಲು ಹಾದುಹೋಗುವ ಎಲ್ಲ ಭಾಷೆಗಳ ಜನರಿಗೂ ಹೆಸರನ್ನು ಕೇಳಿಸಬೇಕು. 2009ರಲ್ಲಿ ಆರಂಭವಾದ ದುರಂತೊ ಎಕ್ಸ್‌ಪ್ರೆಸ್ ಇದಕ್ಕೆ ತಕ್ಕ ಉದಾಹರಣೆ. ಬಂಗಾಳಿಯಲ್ಲಿ ಆ ಪದಕ್ಕೆ ತಡೆಯಿಲ್ಲದ ಚುರುಕಿನ ಅರ್ಥವಿದೆ; ಹೌರಾದಿಂದ ಬೆಂಗಳೂರಿಗೆ ಬರುವ ಹೊತ್ತಿಗೆ ಅದು ಕನ್ನಡದ ಕಿವಿಗೆ ‘ದುರಂತ’ ಎಂದು ಕೇಳಿಸುತ್ತದೆ. ಒಬ್ಬ ಕನ್ನಡಿಗರನ್ನು ಕೇಳಿದ್ದರೂ ಇದು ಮೊದಲೇ ತಿಳಿಯುತ್ತಿತ್ತು.

ಅರ್ಥದ ವಿಚಾರಕ್ಕೆ ಬರೋಣ. ತಯಾರಾದ ವರ್ಷವನ್ನು ಹೆಸರಿನಲ್ಲಿ ಸೇರಿಸಬೇಡಿ: ಚೆನ್ನೈನ ಕಾರ್ಖಾನೆಯಲ್ಲಿ 2018ರಲ್ಲಿ ಸಿದ್ಧವಾದ ‘ಟ್ರೈನ್ 18’ ಪ್ರಯಾಣಿಕರ ಸೇವೆಗೆ ಬರುವ ಮುನ್ನವೇ, 2019ರಲ್ಲಿ, ‘ವಂದೇ ಭಾರತ್’ ಆಯಿತು. ಒಂದು ಸಂದರ್ಭದ ನೆನಪಿಗೆ ಇಟ್ಟ ಹೆಸರು ಬಾಳಬಹುದು. ನೆಹರೂ ಅವರ ಜನ್ಮಶತಾಬ್ದಿಯ ಹೊತ್ತಿನಲ್ಲಿ, 1988ರಲ್ಲಿ ಶುರುವಾದ ಶತಾಬ್ದಿ ರೈಲಿನ ಹೆಸರಿಗೆ ಕಾರಣವೇನೆಂದು ಇಂದು ಹೆಚ್ಚಿನವರಿಗೆ ಗೊತ್ತಿಲ್ಲ, ಆದರೂ ಹೆಸರು ಗಟ್ಟಿಯಾಗಿ ನಿಂತಿದೆ. ಪ್ರಯಾಣಿಕರ ಜೇಬಿನ ಬಗ್ಗೆ ಮಾತಾಡುವ ಹೆಸರನ್ನು ಮಾತ್ರ ನಾನು ಒಪ್ಪಲಾರೆ. 2006ರ ಗರೀಬ್ ರಥದ ಉದ್ದೇಶ ಒಳ್ಳೆಯದೇ: ಕಡಿಮೆ ದರದಲ್ಲಿ ಹವಾನಿಯಂತ್ರಿತ ಪ್ರಯಾಣ. ಆದರೆ ದುಡಿದ ದುಡ್ಡಿನಲ್ಲಿ ಟಿಕೆಟ್ ಕೊಂಡವರು ‘ನಾನು ಬಡವರ ಗಾಡಿಯಲ್ಲಿ ಬರುತ್ತಿದ್ದೇನೆ’ ಎಂದು ಹೇಳಿಕೊಳ್ಳುವಂತೆ ಮಾಡುವುದು ಅವರ ಮರ್ಯಾದೆಗೆ ತಕ್ಕದ್ದಲ್ಲ. ದರ ಅಗ್ಗವೆಂಬುದನ್ನು ದರಪಟ್ಟಿ ಹೇಳಲಿ.

ವೇಗದ ಹೆಸರುಗಳಿಗೂ ಒಂದು ಪರೀಕ್ಷೆಯಿದೆ. ಹೆಸರನ್ನು ಕೆಟ್ಟ ಸುದ್ದಿಯ ತಲೆಬರಹದಲ್ಲಿಟ್ಟು ಓದಿ. ‘ಮಿಂಚು ಮೂರು ತಾಸು ತಡ’, ‘ಮುಂಗಾರು ವಿಳಂಬ’ ಎಂಬ ಸಾಲುಗಳಲ್ಲಿ ಮೊದಲನೆಯದು ನೀಡಿದ ಭರವಸೆಯನ್ನೇ ಅಣಕಿಸುತ್ತದೆ, ಎರಡನೆಯದನ್ನು ಓದಿದ ರೈತರು ಮಳೆಯ ಸುದ್ದಿಯೆಂದು ತಿಳಿಯುತ್ತಾರೆ. ದೇವರ ಹೆಸರನ್ನೂ ಮಹನೀಯರ ಹೆಸರನ್ನೂ ‘ಹಳಿ ತಪ್ಪಿತು’, ‘ರದ್ದು’ ಎಂಬ ಮಾತುಗಳ ಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸು ಹಿಂಜರಿಯುವುದಾದರೆ, ಹತ್ತಾರು ಮಾರ್ಗಗಳಲ್ಲಿ ಓಡುವ ಸರಣಿಗೆ ಅವು ಬೇಡವೆಂದೇ ಅರ್ಥ. ವ್ಯಕ್ತಿಗಳ ಹೆಸರಿಗೆ ಇನ್ನೊಂದು ತೊಡಕಿದೆ: ಯಾರ ಹೆಸರು ಎಂಬ ಚರ್ಚೆ ಮುಗಿಯುವುದಿಲ್ಲ. 2022ರಲ್ಲಿ ಮೈಸೂರು–ಬೆಂಗಳೂರು ನಡುವಿನ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಒಂದು ಗಾಡಿಯ ಹೆಸರು ಬದಲಾದದ್ದಕ್ಕೇ ಅಷ್ಟು ವಾದ ನಡೆದಿರುವಾಗ, ಇಡೀ ಸರಣಿಯ ಬಣ್ಣ, ಫಲಕ, ಟಿಕೆಟ್‌ಗಳನ್ನು ಬದಲಿಸುವ ಸಂದರ್ಭವನ್ನು ತಂದುಕೊಳ್ಳದಿರುವುದು ಲೇಸು. ಮಹನೀಯರ ಹೆಸರು ಅವರ ಸೀಮೆಯ ಒಂದೊಂದು ರೈಲಿಗೆ ಇದ್ದಾಗಲೇ ಹೆಚ್ಚು ಶೋಭಿಸುತ್ತದೆ. ತಾಳಗುಪ್ಪದ ರೈಲಿಗೆ ಕುವೆಂಪು ಎಂಬ ಹೆಸರು ಹೊಂದಿಕೊಂಡಂತೆ.

ಸರಣಿ ಮುಂದೆ ಬೆಳೆಯುವುದಿದ್ದರೆ ಒಂದೇ ಹೆಸರಿನ ಬದಲು ಹೆಸರುಗಳ ಕುಟುಂಬವನ್ನೇ ಯೋಚಿಸಿ. ಜಪಾನಿನಲ್ಲಿ 1964ರಲ್ಲಿ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲು ಸೇವೆ ಆರಂಭವಾದಾಗ ಕಡಿಮೆ ನಿಲುಗಡೆಯ ರೈಲಿಗೆ ‘ಹಿಕಾರಿ’, ಅಂದರೆ ಬೆಳಕು, ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದಕ್ಕೆ ‘ಕೊದಾಮಾ’, ಅಂದರೆ ಪ್ರತಿಧ್ವನಿ, ಎಂದು ಹೆಸರಿಟ್ಟರು. ಬೆಳಕು ಶಬ್ದಕ್ಕಿಂತ ವೇಗವಾದುದು ಎಂಬ ತಿಳಿವಳಿಕೆಯೇ ಯಾವ ರೈಲು ಬೇಗ ಎಂಬುದನ್ನು ಹೇಳಿಬಿಡುತ್ತದೆ. 1992ರಲ್ಲಿ ಇನ್ನೂ ವೇಗದ ರೈಲು ಬಂದಾಗ ‘ನೊಜೋಮಿ’, ಅಂದರೆ ಭರವಸೆ, ಎಂಬ ಹೆಸರು ಆ ಸಾಲಿನಲ್ಲಿ ಸಲೀಸಾಗಿ ಸೇರಿಕೊಂಡಿತು. ನಮ್ಮಲ್ಲೇ ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಹೆಸರುಗಳಿವೆ. ಐದನೆಯದೊಂದು ಬಂದರೂ ಹೆಸರಿಗೆ ಬರವಿಲ್ಲ.

ಸಾರ್ವಜನಿಕರಿಂದ ಹೆಸರು ಕೇಳುವುದು ಒಳ್ಳೆಯ ಕ್ರಮ, ಆದರೆ ಮತಗಳಿಗೆ ಎಷ್ಟು ಬೆಲೆ ಎಂಬುದನ್ನು ಆಹ್ವಾನದಲ್ಲೇ ತಿಳಿಸಬೇಕು. 2018ರಲ್ಲಿ ಟೋಕಿಯೊದ ಹೊಸ ನಿಲ್ದಾಣವೊಂದಕ್ಕೆ ಹೆಸರು ಕೇಳಿದಾಗ ಅರವತ್ತು ಸಾವಿರಕ್ಕೂ ಹೆಚ್ಚು ಸಲಹೆಗಳು ಬಂದವು; ಮೊದಲ ಸ್ಥಾನ ಪಡೆದದ್ದು ‘ತಕಾನಾವಾ’, ಕೊನೆಗೆ ಆಯ್ಕೆಯಾದದ್ದು 36 ಮತಗಳೊಂದಿಗೆ 130ನೇ ಸ್ಥಾನದಲ್ಲಿದ್ದ ‘ತಕಾನಾವಾ ಗೇಟ್‌ವೇ’. ಜನರ ಅಸಮಾಧಾನಕ್ಕೆ ಹೆಸರಿಗಿಂತ ಆ ಕ್ರಮವೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. ಜನರಿಂದ ಪದಗಳನ್ನು ಪಡೆಯಿರಿ, ಮೇಲಿನ ಪರೀಕ್ಷೆಗಳಲ್ಲಿ ಗೆದ್ದ ನಾಲ್ಕೈದನ್ನು ಮಾತ್ರ ಮತಕ್ಕಿಡಿ, ಬಂದ ಫಲಿತಾಂಶಕ್ಕೆ ಬದ್ಧರಾಗಿ.

ಕ್ರಮವನ್ನು ತೋರಿಸಲೆಂದು ‘ಮುಗಿಲು’ ಎಂಬ ಪದವನ್ನು ಪರೀಕ್ಷಿಸೋಣ. ಮೂರೇ ಅಕ್ಷರ, ಮಹಾಪ್ರಾಣವಿಲ್ಲ, ಹ್ರಸ್ವ ಎಕಾರ ಒಕಾರಗಳಿಲ್ಲ, ಳಕಾರವಿಲ್ಲ. ‘ಮುಗಿಲಿನಲ್ಲಿ ಬಂದೆ’, ‘ಮುಗಿಲಿಗೆ ಟಿಕೆಟ್ ಮಾಡಿಸಿದೆ’ ಎನ್ನಬಹುದು. ತಮಿಳಿನವರಿಗೂ ‘ಮುಗಿಲ್’ ಗೊತ್ತು. ತಡವಾದ ದಿನವೂ ಆ ಹೆಸರು ಯಾರನ್ನೂ ಅಣಕಿಸುವುದಿಲ್ಲ. ‘ಬೆಂಗಳೂರು–ಬೀದರ್ ಮುಗಿಲು’ ಎಂದಾಗ ಊರಿನ ಹೆಸರುಗಳೂ ಹಿತವಾಗಿ ಕೂರುತ್ತವೆ.

ಸೇವೆಯನ್ನು ನಡೆಸುವವರು ಖಾಸಗಿಯವರೋ ನಿಗಮವೋ ಆಗಿದ್ದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ, ಸಾರಿಗೆ ಸೇವೆಗಳ 39ನೇ ವರ್ಗದಲ್ಲಿ ಹೆಸರು ಬೇರೆಯವರದ್ದೇ ಎಂದು ಹುಡುಕಿ, ಘೋಷಣೆಗೆ ಮುನ್ನವೇ ಅರ್ಜಿ ಹಾಕಬೇಕು. ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತದೆ. ಗುಣವನ್ನು ಬರಿದೇ ವರ್ಣಿಸುವ ಪದಗಳಿಗೆ ಅಲ್ಲಿ ನೋಂದಣಿ ಸಿಗುವುದು ಕಷ್ಟ. ಗಂಡಭೇರುಂಡದಂತಹ ರಾಜ್ಯಲಾಂಛನಗಳ ಹೆಸರನ್ನು ಮುಟ್ಟುವ ಮುನ್ನ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯನ್ನೂ ಓದಬೇಕು.

ಹೆಸರು ತೀರ್ಮಾನವಾದ ದಿನವೇ ಅದರ ಕನ್ನಡ, ಹಿಂದಿ, ಇಂಗ್ಲಿಷ್ ಕಾಗುಣಿತವನ್ನೂ, ಉಚ್ಚಾರಣೆಯ ಧ್ವನಿಮುದ್ರಣವನ್ನೂ, ಎಲ್‌ಇಡಿ ಫಲಕದಲ್ಲಿ ಜಾಗ ಸಾಲದಾಗ ಬಳಸಬೇಕಾದ ಚಿಕ್ಕ ರೂಪವನ್ನೂ ಒಂದೇ ದಾಖಲೆಯಲ್ಲಿ ನಿಗದಿಪಡಿಸಿ. ಬೋಗಿಗೆ ಬಣ್ಣ ಬಳಿಯುವವರಿಗೆ, ಪ್ರಕಟಣೆ ಓದುವವರಿಗೆ, ಟಿಕೆಟ್ ತಂತ್ರಾಂಶ ನೋಡಿಕೊಳ್ಳುವವರಿಗೆ ಮತ್ತು ಪತ್ರಿಕೆಗಳಿಗೆ ಆ ದಾಖಲೆ ಏಕಕಾಲಕ್ಕೆ ತಲುಪಲಿ.