ಹಳೆ ಷೆವ್ರೊಲೆ ಸಿಕ್ಸ್‌ಗೆ ಐದು ಗೇರಿನ ಬಾಕ್ಸ್: ನನ್ನ ಅನುಭವ

ನನ್ನದು 1954ರ ಷೆವ್ರೊಲೆ 3100 ಪಿಕಪ್. ಅಮೆರಿಕದಲ್ಲಿ ಇಂಥ ಗಾಡಿಗಳು ಇನ್ನೂ ಸಾಕಷ್ಟು ಓಡಾಡುತ್ತಿವೆ. ಆದರೆ ಬಾನೆಟ್ ಎತ್ತಿದರೆ ಬಹಳಷ್ಟರಲ್ಲಿ ವಿ8 ಕೂತಿರುತ್ತದೆ. ನನಗೆ ಅದು ಬೇಡವಾಗಿತ್ತು. ಗಾಡಿಯ ಜೊತೆ ಬಂದ 235 ಕ್ಯೂಬಿಕ್ ಇಂಚಿನ ಇನ್‌ಲೈನ್ ಸಿಕ್ಸ್, ಅಂದರೆ ಆರು ಸಿಲಿಂಡರ್ ಸಾಲಾಗಿರುವ ಎಂಜಿನ್, ಗಟ್ಟಿಮುಟ್ಟಾಗಿಯೇ ಇತ್ತು. ಹಿಂದಿನ ವರ್ಷದವರೆಗೆ ಈ ಟ್ರಕ್ಕಿಗೆ ಬರುತ್ತಿದ್ದ 216 ಎಂಜಿನ್‌ನಲ್ಲಿ ರಾಡ್ ಬೇರಿಂಗ್‌ಗೆ ಆಯಿಲ್ ಚಿಮ್ಮಿಸಿ ತಲುಪಿಸುತ್ತಿದ್ದರು. 54ರ 235ರಲ್ಲಿ ಅದು ಪ್ರೆಷರ್‌ನಲ್ಲೇ ಹೋಗುತ್ತದೆ. ಇಂಥ ಎಂಜಿನ್ ಬಿಚ್ಚಿ ಬಿಸಾಡಲು ಮನಸ್ಸು ಬರಲ್ಲ, ಅಲ್ವಾ?

ತೊಂದರೆ ಇದ್ದದ್ದು ಎಂಜಿನ್‌ನ ಹಿಂದೆ. ಕಂಪನಿಯ ಗೇರ್‌ಬಾಕ್ಸ್‌ಗೆ ಮೂರೇ ಗೇರು, ಮೂರನೆಯದು ಡೈರೆಕ್ಟ್, ಅಂದರೆ ಎಂಜಿನ್ ಒಂದು ಸುತ್ತು ತಿರುಗಿದರೆ ಡ್ರೈವ್‌ಶಾಫ್ಟೂ ಒಂದೇ ಸುತ್ತು. ಹಿಂದಿನ ಆಕ್ಸಲ್ 4.11, ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ 4.11 ಸುತ್ತು ತಿರುಗಬೇಕು. ನನ್ನ ಟೈರಿನ ಎತ್ತರ 28 ಇಂಚು. ಗಂಟೆಗೆ 60 ಮೈಲಿಯಲ್ಲಿ ಹೋದರೆ ಎಂಜಿನ್ ಹೆಚ್ಚುಕಡಿಮೆ 2960 ಆರ್‌ಪಿಎಂ ತಿರುಗುತ್ತದೆ. ಈಗಿನ ಕಾರಿಗೆ ಇದೇನೂ ದೊಡ್ಡದಲ್ಲ. ಆದರೆ 235ರ ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲ ಓಡುವ ದೂರ, 100 ಮಿಲಿಮೀಟರ್. ಆ ವೇಗದಲ್ಲಿ ಪಿಸ್ಟನ್ ಸೆಕೆಂಡಿಗೆ ಸುಮಾರು 10 ಮೀಟರ್ ಓಡುತ್ತಿರುತ್ತದೆ. ಎಂಜಿನ್ ತಡೆಯುತ್ತದೆ, ಕೂತವರಿಗೆ ತಡೆಯಲು ಆಗಲ್ಲ. ಈ ಎಂಜಿನ್‌ಗೆ ಜಾಸ್ತಿ ಟಾರ್ಕ್ (ತಿರುಗಿಸುವ ಬಲ) ಸಿಗುವುದು 2000 ಆರ್‌ಪಿಎಂ ಆಸುಪಾಸಿನಲ್ಲಿ. ಹೈವೇಯಲ್ಲಿ ಅಲ್ಲೇ ಓಡಿಸಬೇಕು ಅನ್ನುವುದೇ ನನ್ನ ಗುರಿ. ಬಾಕ್ಸ್ ಯಾವುದು ಅನ್ನುವ ಪ್ರಶ್ನೆ ಆಮೇಲೆ.

ಅಲ್ಲೊಂದು ಕೊಕ್ಕೆ ಇದೆ. 54ರ ಈ ಅರ್ಧ ಟನ್ ಟ್ರಕ್ಕಿನಲ್ಲಿ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್ ಕಣ್ಣಿಗೇ ಬೀಳಲ್ಲ. ಅದು ಟಾರ್ಕ್ ಟ್ಯೂಬ್ ಅನ್ನುವ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆ ಒಂದು ಕಡೆ ಆಕ್ಸಲ್‌ಗೆ, ಇನ್ನೊಂದು ಕಡೆ ಗೇರ್‌ಬಾಕ್ಸ್‌ಗೆ ಸೇರಿಕೊಂಡಿರುತ್ತದೆ. ಹಾಗಾಗಿ ಬಾಕ್ಸ್ ಒಂದನ್ನೇ ಬದಲಿಸುತ್ತೇನೆ ಅಂದರೆ ಆಗಲ್ಲ, ಆಕ್ಸಲ್ ಕೂಡ ಹೋಗಬೇಕು. 1955ರ ಮಧ್ಯದಲ್ಲಿ ಬಂದ ಹೊಸ ಮಾದರಿಯಿಂದ ಶಾಫ್ಟ್ ತೆರೆದದ್ದು. ನಾನು 55-59ರ ಟ್ರಕ್ಕಿನ 3.90 ಆಕ್ಸಲ್ ತಂದೆ. ಅದಕ್ಕೂ ಆರು ಬೋಲ್ಟಿನ ಚಕ್ರಗಳೇ, ನನ್ನ ಹಳೆ ರಿಮ್‌ಗಳು ಹಾಗೇ ಕೂತವು.

ಬಾಕ್ಸ್‌ಗಳಲ್ಲಿ ಮೊದಲು ಕೈಬಿಟ್ಟದ್ದು ಎಸ್ಎಂ420. ಅದೇ ಕಾಲದ ಟ್ರಕ್ ಬಾಕ್ಸ್, ಗುಂಡುಕಲ್ಲಿನಂಥದ್ದು. ಆದರೆ ಮೊದಲ ಗೇರು 7ಕ್ಕಿಂತ ಜಾಸ್ತಿ, ನಾಲ್ಕನೆಯದು ಮತ್ತೆ ಡೈರೆಕ್ಟೇ. ಹೊಲ ಉಳಲು ಸರಿ, ಹೈವೇಗೆ ಏನೂ ಲಾಭ ಇಲ್ಲ. ಆಟೊಮ್ಯಾಟಿಕ್ ಬೇಕು ಅನ್ನುವವರು 700ಆರ್4 ಹಾಕುತ್ತಾರೆ. ಅದರ ಓವರ್‌ಡ್ರೈವ್ (ಡೈರೆಕ್ಟ್‌ಗಿಂತ ಎಂಜಿನ್ ನಿಧಾನಕ್ಕೆ ತಿರುಗುವ ಗೇರು) 0.70, ಲೆಕ್ಕಕ್ಕೆ ಚೆನ್ನಾಗಿದೆ. ಆದರೆ ಅದರ ಒಳಗಿನ ಪ್ರೆಷರ್ ನಿರ್ಧರಿಸುವುದು ಕಾರ್ಬ್ಯುರೇಟರ್‌ನಿಂದ ಬರುವ ಒಂದು ಕೇಬಲ್. ಆಕ್ಸಲರೇಟರ್ ಒತ್ತಿದಷ್ಟೂ ಕೇಬಲ್ ಸರಿಯಾದ ಪ್ರಮಾಣದಲ್ಲಿ ಎಳೆಯಬೇಕು. ಅದು ತಪ್ಪಿದರೆ ಒಳಗಿನ ಕ್ಲಚ್‌ಗಳು ಸುಟ್ಟುಹೋಗುತ್ತವೆ. ಒಂದೇ ಬ್ಯಾರೆಲ್‌ನ ಹಳೆ ಕಾರ್ಬ್ಯುರೇಟರ್‌ಗೆ ಆ ಜೋಡಣೆ ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ.

ಉಳಿದದ್ದು ಬೋರ್ಗ್‌ವಾರ್ನರ್ ಟಿ5, ಐದು ಗೇರಿನ ಮ್ಯಾನುಯಲ್. 80ರ ದಶಕದ ಷೆವ್ರೊಲೆ ಕಮಾರೊ ಕಾರಿಗೂ ಬರುತ್ತಿತ್ತು, ಎಸ್-10 ಅನ್ನುವ ಚಿಕ್ಕ ಪಿಕಪ್‌ಗೂ ಬರುತ್ತಿತ್ತು. ಹೆಸರು ಒಂದೇ, ಬಾಕ್ಸ್ ಒಂದೇ ಅಲ್ಲ. ಕಮಾರೊದ ಮೊದಲ ಗೇರು 2.95, ನನ್ನ ಗಾಡಿಯ ಹಳೆ ಬಾಕ್ಸ್‌ಗೆ ಹತ್ತಿರ. ಆದರೆ ಆ ಬಾಕ್ಸ್ ಒಂದು ಬದಿಗೆ ವಾಲಿಕೊಂಡು ಕೂರುತ್ತದೆ, ಗೇರ್ ಲಿವರ್ ತುಂಬಾ ಹಿಂದೆ. ನನ್ನ ಗಾಡಿಯಲ್ಲಿ ಹಾಕಿದ್ದರೆ ಬೆಂಚ್ ಸೀಟಿನ ಕೆಳಗಿಂದಲೇ ಲಿವರ್ ಮೇಲೆ ಬರುತ್ತಿತ್ತು. ಎಸ್-10ರದ್ದು ನೆಟ್ಟಗಿರುತ್ತದೆ, ಲಿವರ್ ಮುಂದೆ, ಸೀಟಿಗೂ ಡ್ಯಾಶ್‌ಬೋರ್ಡ್‌ಗೂ ನಡುವೆ. ಕಮಾರೊ ಬಾಕ್ಸ್‌ಗೆ ಎಸ್-10ರ ಹಿಂಭಾಗ ಜೋಡಿಸುವವರೂ ಇದ್ದಾರೆ. ಅಷ್ಟೆಲ್ಲ ಯಾಕೆ ಅಂತ ಎಸ್-10ರದ್ದನ್ನೇ ಹುಡುಕಿದೆ.

ಗುಜರಿಯಲ್ಲಿ ಟಿ5 ಕೊಳ್ಳುವಾಗ ಹಿಂಭಾಗದ ಬೋಲ್ಟಿಗೆ ಸಿಕ್ಕಿಸಿರುವ ಚಿಕ್ಕ ತಗಡಿನ ಚೀಟಿ ನೋಡಿ. 1352ರಿಂದ ಶುರುವಾಗುವ ನಂಬರ್ ಇರುತ್ತದೆ. ಮುಂದಿನ ಅಂಕಿಗಳಿಂದ ಒಳಗಿನ ರೇಷಿಯೊ ಗೊತ್ತಾಗುತ್ತದೆ. ಇದನ್ನು ನೋಡದೆ ದುಡ್ಡು ಕೊಡಬೇಡಿ. 4.03ರ ಮೊದಲ ಗೇರಿರುವ ಬಾಕ್ಸ್‌ಗಳಲ್ಲೇ ಐದನೆಯದು 0.86 ಇರುವುದೂ ಇದೆ, 0.76 ಇರುವುದೂ ಇದೆ. ನನ್ನ ಆಕ್ಸಲ್ ಜೊತೆ 60 ಮೈಲಿಗೆ ಮೊದಲನೆಯದರಲ್ಲಿ 2400 ಚಿಲ್ಲರೆ ಆರ್‌ಪಿಎಂ, ಎರಡನೆಯದರಲ್ಲಿ 2130 ಹತ್ತಿರ. ನಾನು 0.76ರದ್ದನ್ನೇ ತೆಗೆದುಕೊಂಡೆ. ಬಾಕ್ಸಿನ ಮುಂಭಾಗದಲ್ಲಿ, ಎಂಜಿನ್ ಕಡೆಗೆ ಚಾಚಿರುವ ಇನ್‌ಪುಟ್ ಶಾಫ್ಟ್‌ನ ಕೆಳಗೆ, ಚಪ್ಪಟೆ ಮುಚ್ಚಳ ಕಂಡರೆ ಅದು ಹಳೆ ಬಗೆಯ ಟಿ5. ಬೇರಿಂಗ್‌ನ ಉಕ್ಕಿನ ಉಂಗುರ ಕಂಡರೆ ‘ವರ್ಲ್ಡ್ ಕ್ಲಾಸ್’, ಆಮೇಲೆ ಬಂದ ಸುಧಾರಿತ ಬಗೆ. ನನಗೆ ಸಿಕ್ಕಿದ್ದು ಹಳೆಯದು. 200 ಪೌಂಡ್-ಅಡಿ ಟಾರ್ಕಿನ ನನ್ನ ಎಂಜಿನ್‌ಗೆ ಅದು ಸಾಕು.

4.03 ತುಂಬಾ ಲೋ ಗೇರು ಅನ್ನುವುದು ನಿಜ. ಖಾಲಿ ಗಾಡಿಯಲ್ಲಿ ಸಿಗ್ನಲ್ ದಾಟುವಷ್ಟರಲ್ಲಿ ಎರಡನೇ ಗೇರಿಗೆ ಹಾಕಬೇಕು. ಜಲ್ಲಿ ತುಂಬಿಕೊಂಡು ಏರು ಹತ್ತುವಾಗ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಇನ್ನು ಜೋಡಣೆ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ಚನ್ನು ಮುಚ್ಚಿಕೊಂಡಿರುವ ಕವಚಕ್ಕೆ ಬೆಲ್‌ಹೌಸಿಂಗ್ ಅನ್ನುತ್ತಾರೆ. 55ರ ನಂತರದ ಬೆಲ್‌ಹೌಸಿಂಗ್ ಹಾಕಿ ಅಂತ ಬಹಳ ಜನ ಹೇಳಿದರು. ಆದರೆ ನನ್ನ ಗಾಡಿಯ 6 ವೋಲ್ಟ್ ಕಾಲದ ಫ್ಲೈವೀಲ್‌ಗೆ (ಸ್ಟಾರ್ಟರ್ ತಿರುಗಿಸುವ, ಎಂಜಿನ್ ಹಿಂಬದಿಯ ಭಾರದ ಚಕ್ರ) 139 ಹಲ್ಲು, ಆಮೇಲಿನ 12 ವೋಲ್ಟಿನದಕ್ಕೆ 168. ಬೆಲ್‌ಹೌಸಿಂಗ್ ಬದಲಿಸಿದರೆ ಫ್ಲೈವೀಲ್, ಸ್ಟಾರ್ಟರ್, ಕೊನೆಗೆ ವೈರಿಂಗ್ ಎಲ್ಲ ಬದಲಾಗಬೇಕು. ನಾನು ಹಳೆಯದನ್ನೇ ಇಟ್ಟುಕೊಂಡು, ಅದಕ್ಕೂ ಹೊಸ ಬಾಕ್ಸ್‌ಗೂ ನಡುವೆ ಹೊಂದಿಸುವ ಅಡಾಪ್ಟರ್ ಪ್ಲೇಟ್ ಹಾಕಿದೆ. ಪ್ಲೇಟ್ ಎಷ್ಟು ದಪ್ಪವೋ ಅಷ್ಟು ಬಾಕ್ಸ್ ಹಿಂದಕ್ಕೆ ಹೋಗುತ್ತದೆ. ಇನ್‌ಪುಟ್ ಶಾಫ್ಟ್‌ನ ತುದಿ, ಅದಕ್ಕೆ ಆಸರೆಯಾಗಿ ಕ್ರ್ಯಾಂಕ್‌ನ ತುದಿಯಲ್ಲಿರುವ ಪೈಲಟ್ ಬುಶ್ ಒಳಗೆ ಪೂರ್ತಿ ಕೂರುತ್ತದೋ ಇಲ್ಲವೋ ಅಂತ ಡೆಪ್ತ್ ಗೇಜ್‌ನಲ್ಲಿ ಅಳೆದೇ ನೋಡಬೇಕು. ನನ್ನದಕ್ಕೆ ಸ್ವಲ್ಪ ಉದ್ದದ ಬುಶ್ ಬೇಕಾಯಿತು. ಈ ಶಾಫ್ಟ್ 1 ಇಂಚಿನದು, 14 ಹಲ್ಲು. ಹಳೆ ಕ್ಲಚ್ ಡಿಸ್ಕ್‌ನ ಹಬ್‌ಗೆ 10 ಹಲ್ಲು. ಹಾಗಾಗಿ ಹಳೆ ಪ್ರೆಷರ್ ಪ್ಲೇಟ್‌ಗೆ ಹೊಂದುವ ಅಳತೆಯ, 14 ಹಲ್ಲಿನ ಹಬ್ ಇರುವ ಡಿಸ್ಕ್ ತರಿಸಿದೆ.

ಬಾಕ್ಸ್ ಏರಿಸುವ ಮೊದಲು ಡಯಲ್ ಗೇಜನ್ನು ಫ್ಲೈವೀಲ್‌ಗೆ ಕಚ್ಚಿಸಿ, ಅದರ ಮುಳ್ಳು ಪ್ಲೇಟಿನ ನಡುವಿನ ರಂಧ್ರದ ಒಳಗೋಡೆಗೆ ತಾಗುವಂತೆ ಇಟ್ಟು, ಎಂಜಿನನ್ನು ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಮುಳ್ಳಿನ ಓಲಾಟ ಇಂಚಿನ ಸಾವಿರದಲ್ಲಿ 5 ಭಾಗದೊಳಗೆ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಪ್ಲೇಟನ್ನು ಸರಿಸಿ ಮತ್ತೆ ನೋಡಬೇಕು. ಬೇಜಾರಿನ ಕೆಲಸ. ಆದರೆ ಇದನ್ನು ಬಿಟ್ಟರೆ ಪೈಲಟ್ ಬುಶ್ ಸವೆಯುತ್ತದೆ, ಗೇರು ಬಿಗಿಯಾಗುತ್ತದೆ, ಬಾಕ್ಸ್ ಮಾರಿದವನ ಮೇಲೆ ಸುಮ್ನೆ ಗೂಬೆ ಕೂರುತ್ತದೆ.

ಬಾಕ್ಸಿನ ಬಾಲಕ್ಕೆ ಒಂದು ಅಡ್ಡಪಟ್ಟಿ ಕಟ್ಟಿ, ರಬ್ಬರ್ ಮೌಂಟ್ ಮೇಲೆ ಕೂರಿಸಿದೆ. ಈ ಟ್ರಕ್ಕಿನ ಫ್ರೇಮ್ ತಿರುಚುತ್ತದೆ. ರಬ್ಬರ್ ಇಲ್ಲದೆ ಬಿಗಿದರೆ ಆ ಒತ್ತಡವೆಲ್ಲ ಬೆಲ್‌ಹೌಸಿಂಗ್ ಮೇಲೆ ಬೀಳುತ್ತದೆ. ಶಾಫ್ಟನ್ನು ಡ್ರೈವ್‌ಶಾಫ್ಟ್ ಅಂಗಡಿಯಲ್ಲಿ ಮಾಡಿಸಿದೆ.

ಈಗ 60 ಮೈಲಿಯಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತದೆ. ಎದುರು ಗಾಳಿ ಇದ್ದರೆ, ಏರು ಬಂದರೆ ನಾಲ್ಕಕ್ಕೆ ಇಳಿಸುತ್ತೇನೆ. ಅದು ಡೈರೆಕ್ಟ್, ಹಳೆ ಗಾಡಿಯ ಮೂರನೇ ಗೇರಿನ ಹಾಗೇ. 70ಕ್ಕೆ ಹೋಗಲ್ಲ, ನಾಲ್ಕೂ ಚಕ್ರಕ್ಕೆ ಇರುವುದು ಹಳೆ ಕಾಲದ ಡ್ರಮ್ ಬ್ರೇಕುಗಳೇ. ಸ್ಪೀಡೊಮೀಟರ್ ಮಾತ್ರ ಜಿಪಿಎಸ್‌ಗಿಂತ ಜಾಸ್ತಿ ತೋರಿಸುತ್ತಿತ್ತು. ಕೇಬಲ್ ತುದಿಯ ಪ್ಲಾಸ್ಟಿಕ್ ಗೇರನ್ನು ತೆಗೆದು ಹಲ್ಲು ಜಾಸ್ತಿ ಇರುವುದನ್ನು ಹಾಕಿದೆ, ಸರಿಹೋಯಿತು.